ಮಡುವಿನ ಕೊನೆಯ ನೀರು ಮೀನಿಗಿರಲಿ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,
ಹಾಗೆಯೇ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ನನ್ನ ರೈತ ಬಂಧುಗಳಿಗೆ,

ನಮಸ್ಕಾರ.

ನಾನು ಜಮಖಂಡಿ ತಾಲ್ಲೂಕಿನ ಹೊಳೆದಂಡೆ ಊರಿನವನು. ಮೋಟಾರು ರಿಪೇರಿ ನನ್ನ ಕಸುಬು. ವೈಂಡಿಂಗ್ ಮಾಡುತ್ತೇನೆ, ಸ್ಟಾರ್ಟರ್ ನೋಡುತ್ತೇನೆ, ಪೈಪು ಇಳಿಸುತ್ತೇನೆ. ಪೈಪಿನ ತುದಿಗೆ ನೀರಿನೊಳಗೆ ಇರುವ ಜಾಳಿಗೆ ಬಾಯಿ, ಅಂದರೆ ಫುಟ್‌ವಾಲ್ವ್ ಕಟ್ಟಿಕೊಂಡರೆ ಹೊಳೆಗಿಳಿದು ಮೇಲೆ ತರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಿಪ್ಪರಗಿ ಬ್ಯಾರೇಜಿನ ಕೆಳಗೆ, ಚಿಕ್ಕಪಡಸಲಗಿಯ ಆಚೀಚೆ, ಎರಡೂ ದಂಡೆಯಲ್ಲಿ ನಾನು ಕೈ ಹಾಕದ ಮೋಟಾರು ಕಡಿಮೆ. ಹೊಳೆ ನೀರಿನಿಂದ ಬೆಳೆಯುವ ಕಬ್ಬಿನಿಂದಲೇ ನನ್ನ ಮನೆಯ ಒಲೆಯೂ ಉರಿಯುತ್ತದೆ. ನಮಗೂ ಎರಡು ಎಕರೆ ಕಬ್ಬಿದೆ. ಹೀಗಾಗಿ ರೈತರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನೀರಿನ ಒಳಗೆ ನಾನು ಕಂಡದ್ದು ದಂಡೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ಒಂದು ಜುಲೈ ತಿಂಗಳಿನ ಮಾತು. ನಮ್ಮ ಕಡೆ ಮಿರಗದ ಮಳೆ ಕೈಕೊಟ್ಟಿತ್ತು. ಆದರೆ ಮೇಲೆ ಮಹಾಬಳೇಶ್ವರದ ಕಡೆ ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂದಿತ್ತು. ಒಬ್ಬ ರೈತರು ಫೋನ್ ಮಾಡಿದರು. "ಮೋಟರ್ ಓಡತೈತಿ, ನೀರ ಏರವಲ್ದು, ಲಗೂನ ಬಾ" ಅಂದರು. ಹೋದೆ. ಹಗ್ಗ ಹಾಕಿ ಫುಟ್‌ವಾಲ್ವ್ ಮೇಲೆಳೆದೆವು. ಜಾಳಿಗೆ ಪೂರ್ತಿ ಕಟ್ಟಿಕೊಂಡಿತ್ತು. ಅಂತರಗಂಗೆಯ ಬೇರು ಅಥವಾ ರಾಡಿ ಇರಬೇಕು ಅಂತ ಕೈ ಹಾಕಿ ಸವರಿದೆ. ಅಂಗೈಗೆ ಅಂಟಿದ್ದು ಮೀನಿನ ಮರಿಗಳು. ಜೀರಿಗೆ ಕಾಳಿನಷ್ಟು ಕೆಲವು, ಬೆರಳಿನ ಉಗುರಿನಷ್ಟು ಕೆಲವು. ಮೈ ಗಾಜಿನ ಹಾಗೆ, ಒಳಗಿನ ಕರುಳು ಕಾಣುವಷ್ಟು ತೆಳು. ಎರಡು ಕಪ್ಪು ಚುಕ್ಕೆ ಇದ್ದದ್ದು ಕಣ್ಣು. ಬುಟ್ಟಿ ತೊಳೆದ ಹಾಗೆ ಜಾಳಿಗೆಯನ್ನು ನೀರಿನಲ್ಲಿ ಅದ್ದಿ ತೊಳೆದೆ. ಹತ್ತಿಪ್ಪತ್ತು ಮರಿ ಈಜಿಕೊಂಡು ಹೋದವು. ಉಳಿದದ್ದೆಲ್ಲ ಹೊಟ್ಟೆ ಮೇಲಾಗಿ ತೇಲಿತು.

ಜಾಳಿಗೆಗೆ ಅಂಟಿಕೊಂಡಿದ್ದೇ ಅಷ್ಟು. ಅದರ ಕಣ್ಣಿನಿಂದ ಒಳಗೆ ತೂರಿ, ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಸಿಕ್ಕು, ಕಬ್ಬಿನ ಸಾಲಿಗೆ ಬಿದ್ದದ್ದು ಎಷ್ಟೋ. ನಮ್ಮ ಒಂದು ಊರಿನ ದಂಡೆಯಲ್ಲೇ ಎಷ್ಟೊಂದು ಮೋಟಾರುಗಳಿವೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಇಷ್ಟು ವರ್ಷ ನಾನೇ ಇಳಿಸಿದ ಪೈಪುಗಳು ಅವು.

ಅಂದಿನಿಂದ ಮೀನಿನ ಬಗ್ಗೆ ಓದತೊಡಗಿದೆ, ಕೇಳತೊಡಗಿದೆ. ನಮ್ಮೂರ ಅಂಬಿಗರ ಕಾಕಾ ಒಬ್ಬರಿದ್ದಾರೆ. ಅರವತ್ತು ವರ್ಷ ಹರಿಗೋಲಿನ ಮೇಲೆ ಕಳೆದವರು. ಅವರು ಕಣ್ಣಿನಲ್ಲಿ ಕಂಡು ಹೇಳಿದ್ದು, ನಾನು ಓದಿದ್ದು, ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತಾ ಬಂದವು.

ರೋಹು, ಕಾಟ್ಲಾ, ಮೃಗಾಲ ಇವು ಮೂಲತಃ ಗಂಗೆಯ ಬಯಲಿನ ಮೀನುಗಳು. ನಮ್ಮ ಕಡೆಗೆ ಜನರೇ ತಂದು ಬಿಟ್ಟದ್ದು. ಅವುಗಳ ಬಳಗದ ಗೆಂಡೆ ಮೀನುಗಳು ನಮ್ಮ ಹೊಳೆಯಲ್ಲಿ ಮೊದಲಿನಿಂದಲೂ ಇವೆ. ಇವು ಬೇಕಾದಾಗ ಮೊಟ್ಟೆ ಇಡುವುದಿಲ್ಲ. ಹೊಸ ನೀರು ಬರಬೇಕು, ಹೊಳೆ ಕದಡಬೇಕು, ನೀರು ದಂಡೆ ಏರಿ ಹುಲ್ಲಿನ ಮೇಲೆ ತೆಳ್ಳಗೆ ಹರಡಬೇಕು. ಆಗಲೇ ಅವು ಮಡುವಿನಿಂದ ಹೊರಟು ಹರಿವಿಗೆ ಎದುರಾಗಿ ಈಜುತ್ತವೆ. ಒಂದು ಕಿಲೋ ತೂಗುವ ಹೆಣ್ಣು ರೋಹು ಎರಡರಿಂದ ಮೂರು ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಒಂದು ಪೂರ್ತಿ ದಿನವೂ ಬೇಡ. ಮರಿಗಳಿಗೆ ಮೊದಲ ಕೆಲವು ದಿನ ಈಜಲು ಶಕ್ತಿ ಇರುವುದಿಲ್ಲ. ಹರಿವು ಒಯ್ದ ಕಡೆ ಹೋಗುತ್ತವೆ. ಆ ಹರಿವಿನ ದಾರಿಯಲ್ಲೇ ನಮ್ಮ ಫುಟ್‌ವಾಲ್ವುಗಳು ಬಾಯಿ ತೆರೆದು ಕೂತಿರುತ್ತವೆ.

ಎಲ್ಲ ಮೀನೂ ಹೀಗೆ ಮೊಟ್ಟೆ ಇಟ್ಟು ಬಿಟ್ಟು ಹೋಗುವುದಿಲ್ಲ. ಕೊರವ ಮೀನು ನೋಡಿದ್ದೀರಾ? ಮರಾಠಿ ಬಲ್ಲವರು ಮರಳ ಅನ್ನುತ್ತಾರೆ. ಹಾವಿನಂಥ ತಲೆ, ಉದ್ದ ಮೈ. ಅದು ದಂಡೆಯ ಹುಲ್ಲಿನ ನಡುವೆ ನೀರನ್ನು ಸ್ವಚ್ಛ ಮಾಡಿಕೊಂಡು ಗೂಡು ಮಾಡುತ್ತದೆ. ಮೊಟ್ಟೆ ತೇಲುತ್ತವೆ. ಮರಿ ಆದ ಮೇಲೆ ಕಾಕಾ ನನಗೆ ಹರಿಗೋಲಿನಿಂದ ಬಗ್ಗಿ ತೋರಿಸಿದರು. ನೀರಿನ ಮೇಲ್ಪದರದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಮೋಡ. ತಟ್ಟೆಯಷ್ಟು ಅಗಲ. ಸಾವಿರಾರು ಕೆಂಪು ಮರಿಗಳು ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಒಟ್ಟಿಗೆ ಕೆಳಗೆ ಹೋಗುತ್ತವೆ. ಮೋಡ ಸರಿದಾಗ ಅದರ ಕೆಳಗೆ ಒಂದು ಕಪ್ಪು ನೆರಳೂ ಸರಿಯುತ್ತದೆ. ಅದೇ ಕಾವಲು. ನಾನು ಕೈ ಚಾಚಿದೆ. ಆ ನೆರಳು ನೇರ ನನ್ನ ಬೆರಳಿಗೇ ಬಂದು ಗುದ್ದಿತು. ತನಗಿಂತ ನೂರು ಪಟ್ಟು ದೊಡ್ಡ ಪ್ರಾಣಿಯ ಮೇಲೆ ಬಿದ್ದು ತನ್ನ ಮಕ್ಕಳನ್ನು ಕಾಯುವ ಜೀವವನ್ನು ನಾವು ಕಿಲೋ ಲೆಕ್ಕದಲ್ಲಷ್ಟೇ ನೋಡುತ್ತೇವಲ್ಲ!

ತಿಲಾಪಿಯಾ, ಸಂತೆಯಲ್ಲಿ ಜಿಲೇಬಿ ಅಂತ ಮಾರುವುದು, ಅದು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅದು ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ಬಂತು. ಹೊಳೆ ಕೆಟ್ಟರೂ ಅದು ಬದುಕುತ್ತದೆ. ಬಲೆಗೆ ಬರೀ ಜಿಲೇಬಿ ಬೀಳುವ ದಿನ ಬಂತು ಅಂದರೆ ಹೊಳೆಗೆ ಮೈ ಹುಷಾರಿಲ್ಲ ಅಂತಲೇ ಲೆಕ್ಕ.

ಈಗ ಬೇಸಿಗೆಗೆ ಬರುತ್ತೇನೆ. ನನ್ನ ಮುಖ್ಯ ಮಾತು ಇಲ್ಲೇ ಇರುವುದು.

ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತಾಗ, ಸುಮಾರು 123 ಟಿಎಂಸಿ ತುಂಬಿದಾಗ, ನಮ್ಮ ಊರಿನ ದಂಡೆಯವರೆಗೂ ಹಿನ್ನೀರು ಬಂದು ನಿಲ್ಲುತ್ತದೆ. ಸಮುದ್ರದ ಹಾಗೆ ಕಾಣುತ್ತದೆ. ಹಳೇ ಬಾಗಲಕೋಟೆಯ ಓಣಿಗಳ ಮೇಲೆ ಮೀನು ಓಡಾಡುತ್ತವೆ. ಮಾರ್ಚ್ ಮುಗಿಯುವ ಹೊತ್ತಿಗೆ ಅದೇ ನೀರು ಹಿಂದೆ ಸರಿದು, ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ತುಂಡು ತುಂಡಾಗುತ್ತದೆ. ಒಂದು ಮಡು, ನಡುವೆ ಬರೀ ಮರಳು ಮತ್ತು ಕಲ್ಲು, ಆಮೇಲೆ ಇನ್ನೊಂದು ಮಡು. ಇಡೀ ಹೊಳೆಯ ಜೀವವೆಲ್ಲ ಆ ಮಡುಗಳಿಗೆ ಬಂದು ಸೇರುತ್ತದೆ. ಗೆಂಡೆ, ಬಾಳೆ ಮೀನು, ಚೇಳು ಮೀನು, ಸಿಗಡಿ, ಏಡಿ, ಆಮೆ, ಇವನ್ನೆಲ್ಲ ತಿಂದು ಬದುಕುವ ಮೊಸಳೆ. ಮಳೆಗಾಲದಲ್ಲಿ ಮೊಟ್ಟೆ ಇಡಬೇಕಾದ ತಾಯಿ ಮೀನು ಬೇಸಿಗೆ ಕಳೆಯುವುದು ಇದೇ ಮಡುವಿನಲ್ಲಿ. ರೈತರ ಮಾತಿನಲ್ಲಿ ಹೇಳುವುದಾದರೆ ಮಡು ಅಂದರೆ ಹೊಳೆಯ ಬೀಜದ ಕಣಜ. ಬರಗಾಲದಲ್ಲೂ ನಮ್ಮ ಹಿರಿಯರು ಬೀಜದ ಜೋಳಕ್ಕೆ ಕೈ ಹಾಕುತ್ತಿರಲಿಲ್ಲ.

ಆ ಮಡುವಿಗೆ ನಾವು ಹತ್ತಾರು ಪೈಪು ಇಳಿಸುತ್ತೇವೆ. ನೀರು ಇಳಿದ ಹಾಗೆ ಪೈಪಿಗೆ ಇನ್ನೊಂದು ತುಂಡು ಜೋಡಿಸುತ್ತೇವೆ. ಆ ತುಂಡು ಜೋಡಿಸುವವನು ನಾನೇ.

ನೀರು ಕಡಿಮೆ ಆದರೆ ಮೀನಿಗೆ ಜಾಗ ಕಡಿಮೆ ಆಗುತ್ತದೆ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಆದರೆ ಮೊದಲು ಸಾಲದೆ ಬರುವುದು ಉಸಿರು. ಮೀನು ಕಿವಿರಿನಿಂದ ನೀರಿನೊಳಗೆ ಕರಗಿದ ಆಮ್ಲಜನಕವನ್ನು ಹೀರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿ ಇದ್ದಾಗ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿಯಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಇದರ ಮೇಲೆ ಪಾಚಿ ಬೇರೆ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನೇ ತಿನ್ನುತ್ತದೆ. ಹೀಗಾಗಿ ಮಡುವಿನಲ್ಲಿ ಉಸಿರು ತೀರಾ ಕಡಿಮೆ ಇರುವುದು ಬೆಳಗಿನ ಜಾವ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಮಾನದಂಡ ಇಟ್ಟಿದೆ.

ಮೇ ತಿಂಗಳಲ್ಲಿ ಒಮ್ಮೆ ಬೆಳಗಿನ ನಾಲ್ಕೂವರೆಗೆ ಮಡುವಿನ ದಂಡೆಗೆ ಬಂದು ನಿಂತು ನೋಡಿ. ಪಚಪಚ ಅಂತ ಸಣ್ಣ ಸದ್ದು ಕೇಳಿಸುತ್ತದೆ, ಮಳೆ ಹನಿ ಬೀಳುತ್ತಿರುವ ಹಾಗೆ. ಟಾರ್ಚು ಹಾಕಿದರೆ ನೀರಿನ ತುಂಬ ಬಾಯಿಗಳು. ಮೀನುಗಳು ಮೇಲೆ ಬಂದು ಗಾಳಿಗೆ ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಬೆಳಕು ಬಿದ್ದರೂ ಓಡಿ ಹೋಗುವುದಿಲ್ಲ. ಓಡುವ ಶಕ್ತಿ ಇರುವುದಿಲ್ಲ. ಕೊರವ, ಚೇಳು ಮೀನು ಗಾಳಿ ಕುಡಿದೂ ಬದುಕಬಲ್ಲವು. ಗೆಂಡೆ ಬದುಕಲಾರದು.

ಇಂಥ ಹೊತ್ತಿನಲ್ಲಿ ಸ್ವಲ್ಪ ಕೆಟ್ಟ ನೀರು ಬಂದರೂ ಸಾಕು. ಒಂದು ವರ್ಷ ನಮ್ಮ ಮಡುವಿಗೆ ಬಂತು. ರಾತ್ರೋರಾತ್ರಿ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು, ಕೊಳೆತ ಬೆಲ್ಲದ ವಾಸನೆ. ಬೆಳಗ್ಗೆ ದಂಡೆಯುದ್ದಕ್ಕೂ ಬೆಳ್ಳಗೆ ಮೀನು. ಮೊಳದುದ್ದದ ಬಾಳೆ ಮೀನು ಕೂಡ ಇತ್ತು. ಕೆಸರಿನಲ್ಲೇ ಬದುಕುವ ಏಡಿಗಳು ನೀರು ಬಿಟ್ಟು ಕಲ್ಲಿನ ಮೇಲೆ ಸಾಲಾಗಿ ಹತ್ತಿ ಕೂತಿದ್ದವು. ಕಾಕಾ ನೋಡಿ "ಹೊಳಿಗಿ ಉಸುರ ಕಟ್ಟೈತಿ, ತಮ್ಮಾ" ಅಂದರು, ಮತ್ತೆ ಮಾತಾಡಲಿಲ್ಲ. ಎಲ್ಲಿಂದ ಬಂತು ಅಂತ ನಾನು ಯಾರ ಕಡೆಗೂ ಬೆರಳು ತೋರಿಸಲಾರೆ, ನನ್ನ ಕೈಯಲ್ಲಿ ಸಾಕ್ಷಿ ಇಲ್ಲ. ಸಾಕ್ಷಿ ಯಾಕಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತೇನೆ. ನೀರು ಪರೀಕ್ಷೆಗೆ ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಮೇಲಿನಿಂದ ಬೇರೆ ನೀರು ಬಂದು ಮಡು ತಿಳಿಯಾಗಿತ್ತು. ಬಾಟಲಿಯಲ್ಲಿ ತುಂಬಿಕೊಂಡು ಹೋದದ್ದು ಒಳ್ಳೆಯ ನೀರು.

ಬೆಳಗಾವಿ, ಬಾಗಲಕೋಟೆ ಅಂದರೆ ರಾಜ್ಯದ ಸಕ್ಕರೆ ಕಣಜ. ಕಾರ್ಖಾನೆ ನಮಗೆ ಬೇಕು. ಆದರೆ ಡಿಸ್ಟಿಲರಿಯ ಸ್ಪೆಂಟ್ ವಾಶ್, ಅಂದರೆ ಮದ್ಯಸಾರ ತೆಗೆದ ಮೇಲೆ ಉಳಿಯುವ ಕೊಳೆ ನೀರು, ಎಂಥದ್ದು ಅಂತ ಎಲ್ಲರೂ ತಿಳಿದುಕೊಳ್ಳಬೇಕು. ಅದು ಹೊಳೆ ಸೇರಿದರೆ ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಈ ಬೇಡಿಕೆಯನ್ನೇ ಬಿಒಡಿ ಅಂತ ಅಳೆಯುತ್ತಾರೆ. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಸಂಸ್ಕರಿಸದ ಸ್ಪೆಂಟ್ ವಾಶ್‌ನಲ್ಲಿ ಅದು ಹತ್ತಾರು ಸಾವಿರ ಇರುತ್ತದೆ. ಒಂದು ಟ್ಯಾಂಕರ್ ಬಿದ್ದರೂ ಮೇ ತಿಂಗಳ ಮಡುವಿನ ಕಥೆ ಮುಗಿಯಿತು. ಜಲಮಾಲಿನ್ಯ ತಡೆ ಕಾಯ್ದೆ 1974ರಿಂದಲೇ ಇದೆ. ಹೊಸ ಕಾಯ್ದೆ ಕೇಳುತ್ತಿಲ್ಲ. ಮೀನು ಸತ್ತ ಸುದ್ದಿ ಬಂದ ದಿನವೇ, ಅದೇ ದಂಡೆಯ ಮೇಲೆ ಆಮ್ಲಜನಕ ಅಳೆಯಬೇಕು. ಅದು ಬಾಟಲಿಯಲ್ಲಿ ತುಂಬಿ ಊರಿಗೆ ಒಯ್ದು ಆರಾಮಾಗಿ ನೋಡುವ ಪರೀಕ್ಷೆಯಲ್ಲ, ದಾರಿಯಲ್ಲೇ ಬದಲಾಗುತ್ತದೆ. ಅಳೆಯುವ ಕಿಟ್ಟನ್ನು ಹೊಳೆದಂಡೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇಡಿ. ಹೈಸ್ಕೂಲು ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಜಿಲ್ಲಾಧಿಕಾರಿಗಳೇ, ನಿಮ್ಮಲ್ಲಿ ನಾನು ಬೇಡಿಕೊಳ್ಳುವುದು ಒಂದು ಕೆಂಪು ಗೆರೆ.

ಪ್ರತಿ ದೊಡ್ಡ ಮಡುವಿನ ಹತ್ತಿರ ಬಾಂದಾರದ ಕಂಬವೋ, ಸೇತುವೆಯ ಕಾಲೋ, ಒಂದು ದೊಡ್ಡ ಬಂಡೆಯೋ ಇದ್ದೇ ಇರುತ್ತದೆ. ಅದರ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಸಿ. ಎಲ್ಲಿ ಎಳೆಯಬೇಕು ಅನ್ನುವುದನ್ನು ನೀರಾವರಿ ಇಲಾಖೆ, ಮೀನುಗಾರಿಕೆ ಇಲಾಖೆ, ಊರಿನ ಅಂಬಿಗರು ಮತ್ತು ರೈತರು ಒಟ್ಟಿಗೆ ಕೂತು ತೀರ್ಮಾನ ಮಾಡಲಿ. ಸುಮ್ನೆ ಮೇಲಿನಿಂದ ಆದೇಶ ಬಂದರೆ ಯಾರೂ ಕೇಳುವುದಿಲ್ಲ. ನೀರು ಆ ಗೆರೆಗೆ ಇಳಿದ ದಿನ ಹೊಲದ ಮೋಟಾರುಗಳು ನಿಲ್ಲಬೇಕು. ಕುಡಿಯುವ ನೀರಿಗೆ ಮಾತ್ರ ಬಿಡುವು. ಬಲೆಯೂ ನಿಲ್ಲಬೇಕು. ಮರಳು ಎತ್ತುವುದೂ ನಿಲ್ಲಬೇಕು. ಗೆರೆಯ ಕೆಳಗಿನ ನೀರು ಮೀನಿನದು.

ಪ್ರತಿ ಬೇಸಿಗೆಯಲ್ಲೂ ಈ ಮೂರು ಜಿಲ್ಲೆಗಳಿಗೆ ಕುಡಿಯುವ ನೀರು ಬೇಕು ಅಂತ ನಮ್ಮ ಸರ್ಕಾರ ಮಹಾರಾಷ್ಟ್ರಕ್ಕೆ ಕಾಗದ ಬರೆಯುತ್ತದೆ, ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿ ಅನ್ನುತ್ತದೆ. ಆ ಕಾಗದದಲ್ಲಿ ಮನುಷ್ಯರ ಲೆಕ್ಕ ಇರುತ್ತದೆ, ದನಕರುಗಳ ಲೆಕ್ಕ ಇರುತ್ತದೆ. ಹೊಳೆಯೊಳಗಿನ ಜೀವಗಳ ಪಾಲೂ ಅದರಲ್ಲಿ ಒಂದು ಸಾಲಾಗಿ ಸೇರಲಿ.

ರೈತ ಬಂಧುಗಳೇ, "ಗೆರೆ ಬಂದ ಮ್ಯಾಗ ನನ್ನ ಕಬ್ಬು ಒಣಗಿದ್ರ?" ಅಂತ ನೀವು ಕೇಳುತ್ತೀರಿ. ನನ್ನ ತಮ್ಮನೇ ಕೇಳಿದ. ಈ ಪ್ರಶ್ನೆ ಸಣ್ಣದಲ್ಲ. ಗೆರೆಗೆ ನೀರು ಮುಟ್ಟುವ ಹೊತ್ತಿಗೆ ಮಡುವಿನಲ್ಲಿ ಉಳಿದಿರುವುದು ಎಷ್ಟು? ಎಲ್ಲ ಮೋಟಾರು ಒಟ್ಟಿಗೆ ಓಡಿದರೆ ಕೆಲವೇ ದಿನಕ್ಕೆ ಖಾಲಿ. ಅಷ್ಟು ದಿನದ ನೀರಿನಿಂದ ಕಬ್ಬು ಉಳಿಯುತ್ತದೆ ಅನ್ನುವ ಹಾಗಿಲ್ಲ, ಮೀನಂತೂ ಪೂರ್ತಿ ಹೋಗುತ್ತದೆ. ನಾನು ನನ್ನ ಎರಡು ಎಕರೆಗೆ ಡ್ರಿಪ್ ಹಾಕಿಸಿದ್ದೇನೆ. ಎಲ್ಲರೂ ಹೀಗೆ ಮಾಡಿದರೆ ನೀರು ಗೆರೆಗೆ ಬರುವ ದಿನವೇ ಮುಂದೆ ಹೋಗುತ್ತದೆ ಅಂತ ನನ್ನ ನಂಬಿಕೆ.

ಇನ್ನು ಫುಟ್‌ವಾಲ್ವಿನ ಮಾತು. ಇದಕ್ಕೆ ಸರ್ಕಾರವೂ ಬೇಡ. ನಾನು ಮೂರು ವರ್ಷದಿಂದ ಮಾಡಿ ನೋಡುತ್ತಿದ್ದೇನೆ. ಇನ್ನೂರು ಲೀಟರಿನ ಹಳೇ ಪ್ಲಾಸ್ಟಿಕ್ ಡ್ರಮ್ ತರಬೇಕು. ಔಷಧಿ, ಆಸಿಡ್ ತುಂಬಿದ್ದು ಬೇಡ. ಅದರ ಪಕ್ಕೆಯಲ್ಲಿ ಸುತ್ತಲೂ ಅಗಲವಾದ ಕಿಟಕಿಗಳನ್ನು ಕೊಯ್ಯಬೇಕು. ಕಿಟಕಿಗೆ ಹೊರಗಿನಿಂದ ಸಣ್ಣ ಕಣ್ಣಿನ ನೈಲಾನ್ ಜಾಳಿಗೆ ಸುತ್ತಿ ತಂತಿಯಿಂದ ಬಿಗಿಯಬೇಕು. ಫುಟ್‌ವಾಲ್ವನ್ನು ಈ ಡ್ರಮ್ಮಿನ ನಡುವೆ ಕೂರಿಸಿ, ಇಡೀ ಡ್ರಮ್ಮನ್ನು ನೀರಿಗೆ ಇಳಿಸಬೇಕು. ತಳ ರಾಡಿಗೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ ಇಟ್ಟರೆ ಆಯಿತು.

ಇದರ ಗುಟ್ಟು ಜಾಳಿಗೆಯಲ್ಲಷ್ಟೇ ಇಲ್ಲ, ನೀರಿನ ವೇಗದಲ್ಲಿದೆ. ನಾಲ್ಕು ಇಂಚಿನ ಸಕ್ಷನ್ ಪೈಪಿನಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ಅದರ ಬಾಯಿ ಹತ್ತಿರ ಬಂದ ಯಾವ ಮರಿಯೂ ತಪ್ಪಿಸಿಕೊಳ್ಳಲಾರದು. ಡ್ರಮ್ಮಿನ ಪಕ್ಕೆಯಲ್ಲಿ ಮೂರರಲ್ಲಿ ಒಂದು ಪಾಲು ಕಿಟಕಿ ಇದ್ದರೂ ಆ ಜಾಗ ಪೈಪಿನ ಬಾಯಿಗಿಂತ ಐವತ್ತು ಅರವತ್ತು ಪಟ್ಟು ಜಾಸ್ತಿ. ಅಷ್ಟೇ ನೀರು ಅಷ್ಟು ದೊಡ್ಡ ಬಾಗಿಲಿನಿಂದ ಒಳಗೆ ಬರುವುದರಿಂದ ವೇಗ ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರಿಗೆ ಇಳಿಯುತ್ತದೆ. ಬೆರಳಿನ ಗೆಣ್ಣಿನಷ್ಟು ಮರಿ ಕೂಡ ಅದಕ್ಕೆ ಎದುರಾಗಿ ಈಜಿ ಹೋಗಬಲ್ಲದು. ಮೊಟ್ಟೆ ಮತ್ತು ಆಗತಾನೇ ಒಡೆದ ಮರಿಯನ್ನು ಇದೊಂದೇ ಉಳಿಸಲಾರದು, ನಿಜ. ಆದರೆ ಫುಟ್‌ವಾಲ್ವ್ ಕಟ್ಟಿಕೊಳ್ಳುವುದೂ ತೀರಾ ಕಡಿಮೆ ಆಗಿದೆ. ಡ್ರಮ್ ಹಾಕಿಸಿಕೊಂಡ ರೈತರು ಆ ಕೆಲಸಕ್ಕೆ ನನ್ನನ್ನು ಕರೆಯುವುದೇ ಬಿಟ್ಟಿದ್ದಾರೆ. ಆ ನಷ್ಟ ನನಗೆ ಸಂತೋಷದ್ದೇ.

ನಮ್ಮಿಂದ ಆಗುತ್ತದಾ ಅಂತ ಯಾರಾದರೂ ಕೇಳಿದರೆ ನಾನು ಚಿಕ್ಕಪಡಸಲಗಿಯ ಕಡೆ ಕೈ ತೋರಿಸುತ್ತೇನೆ. ಸರ್ಕಾರ ಮಾಡಲಿಲ್ಲ ಅಂತ ಕೈಕಟ್ಟಿ ಕೂರದೆ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನೆಲ ಇದು. ಅದಕ್ಕೆ ಶ್ರಮಬಿಂದು ಸಾಗರ ಅಂತಲೇ ಹೆಸರು. ಹೊಳೆಗೆ ಅಡ್ಡ ಗೋಡೆ ಕಟ್ಟಿದ ಕೈಗಳಿಗೆ ಒಂದು ಡ್ರಮ್ ಕೊಯ್ಯುವುದು ಯಾವ ಲೆಕ್ಕ?

ಮಳೆಗಾಲದ ಮೊದಲ ನೀರಿನ ಬಗ್ಗೆಯೂ ಹೇಳಬೇಕು. ಜೂನ್ ತಿಂಗಳಲ್ಲಿ ಹೊಸ ನೀರು ಬಂದ ಕೂಡಲೇ ಮೀನುಗಳು ಮೇಲಕ್ಕೆ ಹೊರಡುತ್ತವೆ, ಬಾಂದಾರದ ಗೋಡೆಗೆ ಬಂದು ತಡೆದು ನಿಲ್ಲುತ್ತವೆ. ಹಾರುತ್ತವೆ, ಬೀಳುತ್ತವೆ, ಮತ್ತೆ ಹಾರುತ್ತವೆ. ಅದೇ ಜಾಗದಲ್ಲಿ ಬೀಸು ಬಲೆ, ಸೊಳ್ಳೆ ಪರದೆ, ಸೀರೆ ಹಿಡಿದು ಜನ ನಿಂತಿರುತ್ತಾರೆ. ಆ ಮೀನಿನ ಹೊಟ್ಟೆ ಕೊಯ್ದರೆ ಎರಡೂ ಕಡೆ ರವೆಯ ಹಾಗೆ ಹಳದಿ ಮೊಟ್ಟೆ ತುಂಬಿರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡ ಬಿಟ್ಟು ಹೋಗುವುದಿಲ್ಲ. ಸಮುದ್ರಕ್ಕೇ ಅಷ್ಟು ಬಿಡುವು ಬೇಕಾದರೆ ನಮ್ಮ ಈ ಹೊಳೆಗೆ ಬೇಡವಾ? ಆ ಎರಡು ತಿಂಗಳು ಬಾಂದಾರ ಮತ್ತು ಬ್ಯಾರೇಜುಗಳ ಕೆಳಗೆ ಒಂದು ಬಲೆಯೂ ಬೀಳದ ಹಾಗೆ ನೋಡಿಕೊಳ್ಳಿ. ಅಂಬಿಗರ ಮನೆಗಳಿಗೆ ಆ ದಿನಗಳಿಗೆ ರೇಷನ್ನೋ, ದಿನಗೂಲಿಯೋ ಕೊಡಿ. ಅವರ ಹೊಟ್ಟೆ ಕಟ್ಟಿ ಮೀನು ಉಳಿಸಿ ಅಂತ ನಾನು ಕೇಳಲಾರೆ. ಮಡುವನ್ನು ಕಾಯುವ ಕೆಲಸವನ್ನೇ ಅವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು, ಹೊಳೆಯ ಒಳಗನ್ನು ಅವರಷ್ಟು ಬಲ್ಲವರು ಇಲ್ಲ.

ತೋಟೆ ಹಾಕಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ. ಆದರೂ ನಡೆಯುತ್ತದೆ. ಗೆಂಡೆ ಜಾತಿಯ ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ. ಅದಕ್ಕೂ ಒಳಗಿವಿಗೂ ನಡುವೆ ಸಣ್ಣ ಸಣ್ಣ ಮೂಳೆಗಳ ಸರಪಳಿ. ನೀರಿನ ಸಣ್ಣ ಕಂಪನವೂ ಚೀಲಕ್ಕೆ ತಾಗಿ ಮೂಳೆ ಹಿಡಿದು ಕಿವಿಗೆ ಮುಟ್ಟುತ್ತದೆ. ನಾವು ದಂಡೆಯ ಮೇಲೆ ಕಾಲು ಕುಟ್ಟಿದರೂ ಅದಕ್ಕೆ ಗೊತ್ತಾಗುತ್ತದೆ. ಅಷ್ಟು ಸೂಕ್ಷ್ಮವಾಗಿ ಕೇಳುವ ಜೀವದ ಪಕ್ಕದಲ್ಲಿ ತೋಟೆ ಸಿಡಿಸಿದರೆ ಆ ಚೀಲವೇ ಒಡೆದುಹೋಗುತ್ತದೆ. ಸತ್ತದ್ದರಲ್ಲಿ ಎಷ್ಟೋ ತಳಕ್ಕೆ ಮುಳುಗುತ್ತವೆ, ಹಾಕಿದವರ ಕೈಗೂ ಸಿಗುವುದಿಲ್ಲ.

ಮೀನು ಹೋದರೆ ಅದರ ಹಿಂದೆ ಇನ್ನೇನು ಹೋಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಹೊಳೆಯ ಮರಳಿನಲ್ಲಿ ಅರ್ಧ ಹೂತುಕೊಂಡಿರುವ ಕಪ್ಪೆಚಿಪ್ಪುಗಳಿವೆಯಲ್ಲ, ಅವು ನೀರನ್ನು ಒಳಗೆಳೆದು ಸೋಸಿ ಬಿಡುತ್ತವೆ. ಅದರ ಮರಿ ಹುಟ್ಟಿದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ವಾರ ಇರುತ್ತದೆ. ಆಮೇಲೆ ಉದುರಿ ಮರಳಿಗೆ ಬೀಳುತ್ತದೆ. ಕಾಲಿಲ್ಲದ ಚಿಪ್ಪು ಹೊಳೆಯುದ್ದಕ್ಕೂ ಹರಡುವುದು ಮೀನಿನ ಮೈಮೇಲೆ ಕೂತು. ಮರಳು ಬಗೆದರೆ ಚಿಪ್ಪಿಗೆ ಮನೆ ಇಲ್ಲ, ಮೀನು ಹೋದರೆ ಚಿಪ್ಪಿಗೆ ಸಂತಾನ ಇಲ್ಲ.

ಕಾಕಾ ಹೇಳಿದ ಇನ್ನೊಂದು ಮಾತನ್ನು ಬರೆಯದೆ ಇರಲಾರೆ. ಅವರು ಹುಡುಗರಾಗಿದ್ದಾಗ ಬಂಡೆಗಳ ಸಂದಿಯಲ್ಲಿ ತೋಳು ದಪ್ಪದ ಹಾವು ಮೀನು ಸಿಗುತ್ತಿತ್ತಂತೆ. ಬೆನ್ನ ಮೇಲೆ ಮುಳ್ಳಿರುವ ಸಣ್ಣ ಹಾವು ಮೀನು ಬೇರೆ, ಅದು ಪೂರ್ತಿ ಸಿಹಿನೀರಿನದು. ಕಾಕಾ ಹೇಳಿದ್ದು ನುಣುಪು ಮೈಯ ದೊಡ್ಡದು. ಅದು ಹುಟ್ಟುವುದು ಆಳ ಸಮುದ್ರದಲ್ಲಿ. ದಾರದಂಥ ಮರಿ ಹೊಳೆಯ ಬಾಯಿಗೆ ಬಂದು, ಹರಿವಿಗೆ ಎದುರಾಗಿ ನೂರಾರು ಮೈಲಿ ಏರಿ ಬಂದು, ಇಲ್ಲಿ ವರ್ಷಗಟ್ಟಲೆ ಬೆಳೆದು, ಕೊನೆಗೆ ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೇ ಹೋಗಿ ಸಾಯುತ್ತದೆ. ಬಂಗಾಳ ಕೊಲ್ಲಿಯಿಂದ ಜಮಖಂಡಿಯವರೆಗಿನ ಅದರ ದಾರಿಯಲ್ಲಿ ಈಗ ಪ್ರಕಾಶಂ ಬ್ಯಾರೇಜಿದೆ, ನಾಗಾರ್ಜುನಸಾಗರ ಇದೆ, ಶ್ರೀಶೈಲ, ಜುರಾಲಾ, ನಾರಾಯಣಪುರ, ಆಲಮಟ್ಟಿ ಇವೆ. ಸಮುದ್ರವನ್ನೇ ಕಾಣದ ನಮ್ಮ ಎರಿ ನೆಲಕ್ಕೆ ಸಮುದ್ರದಿಂದ ನಡೆದು ಬರುತ್ತಿದ್ದ ನೆಂಟ ಅದು. ಆ ಅಣೆಕಟ್ಟುಗಳನ್ನು ಒಡೆಯಿರಿ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕಾಕಾನ ಮೊಮ್ಮಗ ಆ ಮೀನನ್ನು ಒಮ್ಮೆಯೂ ನೋಡಿಲ್ಲ. ಬಾಳೆ ಮೀನಿನ ವಿಷಯದಲ್ಲೂ ಅವನ ಮಗನಿಗೆ ಹೀಗೇ ಆಗಬಾರದು ಅನ್ನುವುದು ನನ್ನ ಸಂಕಟ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಹತ್ತಿರ ದೊಡ್ಡ ದೊಡ್ಡ ಮೀನುಗಳು ಮನುಷ್ಯರ ಕಾಲ ಬಳಿಯೇ ಓಡಾಡುವುದನ್ನು ನಮ್ಮಲ್ಲಿ ಹೋಗಿ ಬಂದವರೆಲ್ಲ ನೋಡಿದ್ದಾರೆ, ಮಂಡಕ್ಕಿ ಹಾಕಿ ಬಂದಿದ್ದಾರೆ. ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ನಮ್ಮಲ್ಲೂ ಅಂಥ ಜಾಗಗಳಿವೆ. ಕೂಡಲಸಂಗಮದಲ್ಲಿ ಮಲಪ್ರಭಾ ಬಂದು ಕೃಷ್ಣೆಗೆ ಸೇರುತ್ತದೆ, ಚಿಕ್ಕಸಂಗಮದಲ್ಲಿ ಘಟಪ್ರಭಾ ಸೇರುತ್ತದೆ. ಎರಡು ಹೊಳೆ ಕೂಡುವ ಕಡೆ ಮೀನಿಗೆ ಮೇವು ಜಾಸ್ತಿ, ದಾರಿಯೂ ಎರಡು. ಐಕ್ಯಮಂಟಪಕ್ಕೆ ಇಳಿದು ಹೋಗುವಾಗ ಸುತ್ತಲೂ ಇರುವ ನೀರನ್ನು ಒಮ್ಮೆ ನೆನೆಸಿಕೊಳ್ಳಿ. ಬಾಗಲಕೋಟೆ ಜಿಲ್ಲಾಧಿಕಾರಿಗಳೇ, ಈ ಎರಡು ಸಂಗಮಗಳನ್ನು ಮೊದಲ ಮತ್ಸ್ಯಧಾಮ ಮಾಡಿ. ಭಕ್ತರೇ ಅರ್ಧ ಕಾವಲು ಕಾಯುತ್ತಾರೆ. ಬೆಳಗಾವಿಯವರಿಗೆ ಧೂಪದಾಳ ಇದೆ. ಅಲ್ಲಿ ಘಟಪ್ರಭಾ ಪಕ್ಷಿಧಾಮ ಮಾಡಿ 50 ವರ್ಷ ದಾಟಿತು. ಹಕ್ಕಿಗೆ ಸಿಕ್ಕ ರಕ್ಷಣೆ ಅದು ತಿನ್ನುವ ಮೀನಿಗೂ ಸಿಗಲಿ. ವಿಜಯಪುರದವರಿಗೆ ಏತ ನೀರಾವರಿಯಿಂದ ತುಂಬಿದ ಕೆರೆಗಳಿವೆ. ಒಂದು ಕಾಲಕ್ಕೆ ಬಿರುಕು ಬಿಟ್ಟಿದ್ದ ಕೆರೆಯಂಗಳಕ್ಕೆ ಕೃಷ್ಣೆಯ ನೀರು ಬಂತು. ಅಲ್ಲಿ ಬಿತ್ತನೆ ಮಾಡುವಾಗ ಬರೀ ಕಾಟ್ಲಾ, ರೋಹು ಬಿಡದೆ ನಮ್ಮ ಹೊಳೆಯದೇ ಜಾತಿಗಳ ಮರಿಗಳನ್ನೂ ಬಿಡಿ. ಬೇಸಿಗೆಯಲ್ಲಿ ಒಂದೆರಡು ಕೆರೆಯಾದರೂ ತಳ ಕಾಣದ ಹಾಗೆ ಉಳಿಸಿ.

ನನ್ನ ಕಡೆಯಿಂದ ಇಷ್ಟು ಮಾಡುತ್ತೇನೆ. ಈ ವರ್ಷ ಮಿರಗಕ್ಕೆ ಮುಂಚೆ ಡ್ರಮ್ ತಂದುಕೊಟ್ಟ ಯಾವ ರೈತರಿಗೂ ಕೊಯ್ದು, ಜಾಳಿಗೆ ಸುತ್ತಿ, ಹೊಳೆಗಿಳಿಸಿ ಕೊಡುತ್ತೇನೆ. ಕೂಲಿ ತೆಗೆದುಕೊಳ್ಳುವುದಿಲ್ಲ. ಜಾಳಿಗೆ ಮತ್ತು ತಂತಿಯ ಖರ್ಚು ಮಾತ್ರ ನಿಮ್ಮದು. ಬೇರೆ ಊರಿನ ಮೋಟಾರು ರಿಪೇರಿಯವರು ಬಂದರೆ ಕಲಿಸಿಕೊಡುತ್ತೇನೆ. ನಮ್ಮೂರ ಮಡುವಿನ ಬಂಡೆಯ ಮೇಲೆ ಗೆರೆ ಎಲ್ಲಿ ಬರಬೇಕು ಅಂತ ಕಾಕಾ ಸುಣ್ಣದಿಂದ ಗುರುತು ಮಾಡಿಟ್ಟಿದ್ದಾರೆ. ಮಳೆ ಬಂದರೆ ಸುಣ್ಣ ತೊಳೆದು ಹೋಗುತ್ತದೆ. ಅದಕ್ಕೂ ಮುಂಚೆ ನಿಮ್ಮ ಕಡೆಯಿಂದ ಯಾರಾದರೂ ಕೆಂಪು ಬಣ್ಣ ತೆಗೆದುಕೊಂಡು ಬನ್ನಿ.

ಇಂತಿ ನಿಮ್ಮ,
ಜಮಖಂಡಿ ತಾಲ್ಲೂಕಿನ ಒಬ್ಬ ಮೋಟಾರು ರಿಪೇರಿಯವ